ಬಿಲ್ಡ್ ಸರ್ವರ್ ಸ್ಥಾಪನೆ ವಿದ್ಯಾರ್ಥಿಗಳ ಕೈಯಿಂದಲೇ ಆಗಲಿ

ಮಾನ್ಯರೇ,

ಹುಬ್ಬಳ್ಳಿಯ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಬಿಲ್ಡ್ ಸರ್ವರ್ (ಬರೆದ ಕೋಡನ್ನು ತಾನಾಗಿ ಜೋಡಿಸಿ ಪರೀಕ್ಷಿಸುವ ಯಂತ್ರ) ನೋಡಿಕೊಳ್ಳುವ ಕೆಲಸ ನನ್ನದು; ಧಾರವಾಡದಿಂದ ದಿನವೂ ಚಿಗರಿ ಬಸ್ಸಿನಲ್ಲಿ ಓಡಾಡುತ್ತೇನೆ. ಕಳೆದ ಭಾನುವಾರ ಪಕ್ಕದ ಮನೆಯ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಎಂಜಿನಿಯರಿಂಗ್ ಆರನೇ ಸೆಮಿಸ್ಟರ್. “ಅಕ್ಕಾ, ಮೂರು ಸಲ ತೆಗೆದು ಮತ್ತೆ ಹಾಕಿದೆ, ಜೆಂಕಿನ್ಸ್ ಶುರುವಾಗುತ್ತಲೇ ಇಲ್ಲ” ಎಂದಳು. ಕಣ್ಣಲ್ಲಿ ನೀರಿತ್ತು. ಜೆಂಕಿನ್ಸ್ ಎಂದರೆ ಬಿಲ್ಡ್ ಸರ್ವರ್ ನಡೆಸುವ ತಂತ್ರಾಂಶ.

ಅವಳ ಕಾಲೇಜಿನ ಪ್ರಯೋಗಾಲಯದಲ್ಲಿ ಜೆಂಕಿನ್ಸ್ ಮೊದಲೇ ಸಿದ್ಧವಾಗಿರುತ್ತದೆಯಂತೆ. ಮಕ್ಕಳು ಬ್ರೌಸರ್ ತೆರೆದು ಒಂದು ಜಾಬ್ (ಸರ್ವರ್‌ಗೆ ಒಪ್ಪಿಸುವ ಕೆಲಸ) ಓಡಿಸುತ್ತಾರೆ, ಸ್ಥಾಪನೆಯ ಹಂತಗಳನ್ನು ಕೈಪಿಡಿ ನೋಡಿ ರೆಕಾರ್ಡ್ ಪುಸ್ತಕಕ್ಕೆ ಇಳಿಸುತ್ತಾರೆ. ಜೆಂಕಿನ್ಸ್ ಓಡಲು ಜಾವಾ ಬೇಕು; ಆ ಕೈಪಿಡಿಯಲ್ಲಿ ಜಾವಾ 11 ಹಾಕಿ ಎಂದಿದೆ. 2024ರ ಅಕ್ಟೋಬರ್‌ನಿಂದೀಚೆಗೆ ಬಂದ ಜೆಂಕಿನ್ಸ್ ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ) ಆವೃತ್ತಿಗಳು ಜಾವಾ 11ರ ಮೇಲೆ ಏಳುವುದೇ ಇಲ್ಲ. ಅವಳ ಲ್ಯಾಪ್‌ಟಾಪಿನಲ್ಲಿ, ಸೇವೆಗಳ ಸ್ಥಿತಿ ತೋರಿಸುವ ಸಿಸ್ಟಮ್‌ಸಿಟಿಎಲ್ ಆಜ್ಞೆಯು ಜೆಂಕಿನ್ಸ್ ಸೇವೆ ವಿಫಲವಾಗಿದೆ ಎಂದಿತು. ಜರ್ನಲ್‌ಸಿಟಿಎಲ್ ಆಜ್ಞೆಯಿಂದ ಜೆಂಕಿನ್ಸ್‌ನ ಲಾಗ್ (ನಡೆದದ್ದರ ದಾಖಲೆ) ತೆಗೆದರೆ ಕಾರಣ ಅಲ್ಲೇ ಬರೆದಿತ್ತು: ಜಾವಾ ಹಳೆಯದು. ಲಾಗ್ ಓದಬೇಕು ಎಂದು ಮೂರು ವರ್ಷದಲ್ಲಿ ಆ ಹುಡುಗಿಗೆ ಯಾರೂ ಹೇಳಿರಲಿಲ್ಲ! ನನಗೆ ಸಂಕಟವಾದದ್ದು ಇದಕ್ಕೆ.

ಜಾವಾ 21 ಹಾಕಿ ಸೇವೆಯನ್ನು ಮತ್ತೆ ಶುರು ಮಾಡಿದೆವು. ಬ್ರೌಸರ್‌ನಲ್ಲಿ 8080 ಪೋರ್ಟ್ ತೆರೆದಾಗ ಜೆಂಕಿನ್ಸ್‌ನ ಬೀಗ ತೆರೆಯುವ ಪುಟ ಬಂತು. ಅದು ಕೇಳುವ ಮೊದಲ ಪಾಸ್‌ವರ್ಡ್ ಜೆಂಕಿನ್ಸ್‌ನ ಸೀಕ್ರೆಟ್ಸ್ ಫೋಲ್ಡರ್‌ನ ಒಂದು ಫೈಲಿನಲ್ಲಿರುತ್ತದೆ, ಸುಡೋ (ನಿರ್ವಾಹಕನ ಅಧಿಕಾರ ಕೊಡುವ ಆಜ್ಞೆ) ಇಲ್ಲದೆ ಓದಲು ಬಿಡುವುದಿಲ್ಲ. ಏಕೆ ಬಿಡುವುದಿಲ್ಲ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಆ ಫೈಲ್ ಜೆಂಕಿನ್ಸ್ ಎಂಬ ಬೇರೆ ಬಳಕೆದಾರನದು ಎಂದು ತಾನೇ ಹೇಳಿದಳು. ಲಿನಕ್ಸ್‌ನ ಫೈಲ್ ಅನುಮತಿಗಳ ಬಗ್ಗೆ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ಅವಳಿಗೆ ಅರ್ಥವಾದದ್ದು ಆ ಕ್ಷಣದಲ್ಲಿ.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಪಠ್ಯಕ್ರಮದಲ್ಲಿ ಡೆವ್‌ಆಪ್ಸ್ (ತಂತ್ರಾಂಶ ಬರೆಯುವುದನ್ನೂ ಅದನ್ನು ಸರ್ವರ್‌ನಲ್ಲಿ ನಡೆಸುವುದನ್ನೂ ಜೋಡಿಸುವ ವಿಧಾನ) ಪ್ರಯೋಗವನ್ನು ಸೇರಿಸಿದೆ, ಒಳ್ಳೆಯ ಕೆಲಸ. ಆದರೆ ಸರ್ವರ್ ಏಳದಿದ್ದಾಗ ಏನು ಮಾಡಬೇಕು ಎಂಬುದೇ ನಮ್ಮ ಕೆಲಸದ ಮುಕ್ಕಾಲು ಪಾಲು. ಸಿದ್ಧ ಸರ್ವರ್ ಮುಂದೆ ಕೂರಿಸಿದರೆ ಅದು ಬರುವುದಿಲ್ಲ. ಪ್ರಯೋಗಾಲಯದ ಯಂತ್ರಗಳಲ್ಲಿ ಸುಡೋ ಅಧಿಕಾರ ಕೊಡಲು ಕಾಲೇಜಿನವರು ಹಿಂಜರಿಯುವುದು ಸಹಜ. ಅದಕ್ಕೆ ಯಂತ್ರದೊಳಗೇ ಇನ್ನೊಂದು ಯಂತ್ರ ಮಾಡಿಕೊಡುವ ವರ್ಚುವಲ್‌ಬಾಕ್ಸ್ ಉಚಿತವಾಗಿಯೇ ಸಿಗುತ್ತದೆ. ಅದರಲ್ಲಿ ಖಾಲಿ ಉಬುಂಟು (ಲಿನಕ್ಸ್‌ನ ಒಂದು ರೂಪ) ಕೊಡಿ, ಕೆಟ್ಟರೆ ಅಳಿಸಿ ಮತ್ತೆ ಹಾಕಲಿ. ಕೈಪಿಡಿಯನ್ನು ಸೆಮಿಸ್ಟರ್ ಶುರುವಾಗುವ ಮುನ್ನ ಅಧ್ಯಾಪಕರು ಒಮ್ಮೆ ತಾವೇ ಮಾಡಿ ನೋಡಲಿ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಯಾವ ಕಾಲೇಜು ಕರೆದರೂ ರಜೆಯ ಶನಿವಾರ ಬಂದು ಹೇಳಿಕೊಡಲು ನಾನು ಸಿದ್ಧಳಿದ್ದೇನೆ. ಸಂಭಾವನೆ ಬೇಡ.

– ಸಾಫ್ಟ್‌ವೇರ್ ಉದ್ಯೋಗಿ, ಧಾರವಾಡ