ವೈವಾ ಮುಗಿಯಿತು, ಅಕ್ಕನ ಬಾಕಿ ಉಳಿದಿದೆ

ಹೋದ ಗುರುವಾರ ವೈವಾ ಮುಗಿಯಿತು. ಇತಿಹಾಸದಲ್ಲಿ ಪಿಎಚ್‌ಡಿ, ಐದು ವರ್ಷ ಅಂದುಕೊಂಡಿದ್ದು ಏಳಾಯಿತು. ಫೋನ್ ಮಾಡಿದವರ ಹತ್ತಿರ ಸರಿಯಾಗಿ ಮಾತಾಡೋಕೂ ಆಗಲಿಲ್ಲ, ಅದಕ್ಕೇ ಇದು. ಗೈಡ್ ಮೇಡಂ, ಹಾಸ್ಟೆಲ್ ಗೆಳತಿಯರು, ಫೆಲೋಶಿಪ್ ನಿಂತಾಗ ಒಂಬತ್ತು ತಿಂಗಳು ಮೆಸ್ ಬಿಲ್ ಕಟ್ಟಿದ ತಮ್ಮ, ಉತ್ತರ ಕನ್ನಡದ ಜೋಯಿಡಾದಲ್ಲಿ ಬೈಕ್ ಮೇಲೆ ಕೂರಿಸಿಕೊಂಡು ಊರೂರು ಸುತ್ತಿಸಿದ ಹುಡುಗರು, ಎಲ್ಲರಿಗೂ ಥ್ಯಾಂಕ್ಸ್. ಅಪ್ಪನ ವಿಷಯ ಬರೆಯುವುದಿಲ್ಲ, ನಿಮಗೆ ಗೊತ್ತೇ ಇದೆ.

ಇನ್ನು ಡಿಟಿಪಿ ಅಂಗಡಿ ಅಕ್ಕ.

ಥೀಸಿಸ್ ಪೂರ್ತಿ ಹಳೇ 'ನುಡಿ' ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದೆ. ಕೊಡಬೇಕಾದ ದಿನದ ಹಿಂದಿನ ಸಂಜೆ ಯೂನಿಕೋಡ್‌ಗೆ ಬದಲಾಯಿಸಿದರೆ ಒತ್ತಕ್ಷರ, ಅರ್ಕಾವತ್ತು ಎಲ್ಲ ಚೆಲ್ಲಾಪಿಲ್ಲಿ. 312 ಪುಟ. ಅಪ್ಪ ಹೋಗಿ ಇಪ್ಪತ್ತು ದಿನವೂ ಆಗಿರಲಿಲ್ಲ. ಅಂಗಡಿಯ ಸ್ಟೂಲ್ ಮೇಲೆ ಕೂತು ಅತ್ತುಬಿಟ್ಟೆ, ಸಾಕು, ಬಿಟ್ಟುಬಿಡ್ತೀನಿ, ಯಾರಿಗೆ ಬೇಕಾಗಿದೆ ಇದು ಅಂದೆ. ಅಕ್ಕ ಏನೂ ಹೇಳಲಿಲ್ಲ. ಮನೆಗೆ ಫೋನ್ ಮಾಡಿ "ಇವತ್ತ ಬರಂಗಿಲ್ಲ, ಉಂಡು ಮಲಕೋರಿ" ಅಂದು ಶಟರ್ ಅರ್ಧ ಎಳೆದರು.

ನಾನು ಮೂಲ ಪ್ರತಿ ಜೋರಾಗಿ ಓದುವುದು, ಅಕ್ಕ ತಿದ್ದುವುದು. ಮೂರು ಗಂಟೆ ಹೊತ್ತಿಗೆ ಜೋಯಿಡಾ ಕಾಡಿನ ಕುಣಬಿ ಸಮುದಾಯದ ಅಜ್ಜನೊಬ್ಬನ ಮಾತು ಬಂತು. ಅವನು ವರ್ಷ ಹೇಳುವುದೇ ಇಲ್ಲ. ತನ್ನ ಅಪ್ಪ ಆ ಗದ್ದೆ ಮಾಡಿದ್ದು ಬಿದಿರು ಹೂಬಿಟ್ಟ ವರ್ಷ, ಬಾವಿ ತೋಡಿದ್ದು ಅದರ ಮರುವರ್ಷ, ಹೀಗೆ. ಅಕ್ಕನ ಕೈ ನಿಂತಿತು.

"ತಂಗಿ, ಇದನ್ನ ಆ ಅಜ್ಜಗ ಕೊಟ್ಟೀಯೇನು?"

"ಇಲ್ಲ."

"ಮತ್ತ ಯಾರಿಗಂತ ಬರದಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇತಿಹಾಸ ಓದಿ ಏನ್ಮಾಡ್ತೀಯ ಅಂತ ಕೇಳಿದವರಿಗೆಲ್ಲ ಏಳು ವರ್ಷ ಸಮಾಜ, ಬದಲಾವಣೆ ಅಂತ ಭಾಷಣ ಮಾಡಿದವಳು ನಾನೇ, ಅಲ್ವಾ? 2006ರ ಅರಣ್ಯ ಹಕ್ಕು ಕಾಯ್ದೆ ನನಗೆ ಬಾಯಿಪಾಠ. ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳಿಗೆ ಜಮೀನಿನ ಹಕ್ಕು ಸಿಗಬೇಕಾದರೆ ಅವರು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದದ್ದನ್ನು ತೋರಿಸಬೇಕು. ಕಾಡು ಕಡಿದು ಸುಟ್ಟು ಕುಮ್ರಿ ಬೇಸಾಯ ಮಾಡಿಕೊಂಡು ಜಾಗ ಬದಲಿಸುತ್ತಿದ್ದವರ ಹತ್ತಿರ ಕಾಗದ ಎಲ್ಲಿಂದ ಬರಬೇಕು? ಆದರೆ ಅರ್ಜಿ ಹಾಕಿದವರು ಬಿಟ್ಟು ಬೇರೆ ಹಿರಿಯರ ಮಾತನ್ನು ಬರೆದುಕೊಟ್ಟರೆ ಅದೂ ಒಂದು ಸಾಕ್ಷಿ ಅಂತ ನಿಯಮದಲ್ಲೇ ಇದೆ. ಹಳೇ ಬಾವಿ, ಸ್ಮಶಾನವೂ ಸಾಕ್ಷಿಯೇ. ಇಷ್ಟೆಲ್ಲ ಗೊತ್ತಿದ್ದೂ ಆ ಮಾತುಗಳನ್ನು ಅನುಬಂಧದಲ್ಲಿ ಸುಮ್ನೆ ಇಟ್ಟಿದ್ದೆ, ಪರೀಕ್ಷಕರು ಓದಲಿ ಅಂತ.

ಬೆಳಗಾಗುವಷ್ಟರಲ್ಲಿ ಥೀಸಿಸ್ ಜೊತೆಗೆ 46 ಪುಟದ ಇನ್ನೊಂದು ಕಟ್ಟು ರೆಡಿಯಾಗಿತ್ತು, ದೊಡ್ಡಕ್ಷರದಲ್ಲಿ. ಮರುವಾರ ಅದನ್ನು ಒಯ್ದು ಕೊಂಕಣಿಯಲ್ಲಿ ಓದಿ ಹೇಳಿದೆವು. ಬಾವಿ ಯಾವ ದಿಕ್ಕಿಗಿತ್ತು ಅಂತ ನಾನು ತಪ್ಪು ಬರೆದಿದ್ದನ್ನು ಅಜ್ಜ ತಿದ್ದಿಸಿ, ಆಮೇಲೇ ಹೆಬ್ಬೆಟ್ಟು ಒತ್ತಿದ. ಈಗ ಅದು ಅರಣ್ಯ ಹಕ್ಕು ಸಮಿತಿಯ ಫೈಲಿನಲ್ಲಿದೆ. ಹಕ್ಕುಪತ್ರ ಇನ್ನೂ ಯಾರಿಗೂ ಬಂದಿಲ್ಲ.

ಅಕ್ಕನ ಉದ್ರಿ ಪುಸ್ತಕದಲ್ಲಿ ಥೀಸಿಸ್ ಪ್ರಿಂಟಿನ ಬಾಕಿ 1,140 ರೂಪಾಯಿ ನನ್ನ ಹೆಸರಿನಲ್ಲಿದೆ. ಆ 46 ಪುಟದ ಮುಂದೆ ದುಡ್ಡು ಬರೆದಿಲ್ಲ, "ಅಜ್ಜಂದು" ಅಂತಷ್ಟೇ ಇದೆ. ಸೋಮವಾರ ಪೇಡೆ ತಗೊಂಡು ಹೋಗುತ್ತೇನೆ. ಬಾಕಿಯನ್ನೂ.