ಬಾಟಲಿಯ ಬೆಲೆ ಎಷ್ಟಾದರೂ ಮತ ಒಂದೇ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ವಿಸ್ಕಿ ಕೂಟಗಳ ಬಗ್ಗೆ ಬಂದ ಲೇಖನವನ್ನು ಓದಿದೆ. ಸ್ನೇಹಿತರು ಒಂದೆಡೆ ಸೇರಿ ನಾಲ್ಕಾರು ಬಗೆಯ ವಿಸ್ಕಿಗಳನ್ನು ಹೋಲಿಸಿ ನೋಡುವ ಹವ್ಯಾಸ ಬೆಂಗಳೂರನ್ನು ದಾಟಿ ನಮ್ಮ ಹುಬ್ಬಳ್ಳಿ-ಧಾರವಾಡ, ಗದಗದ ಕಡೆಗೂ ಬಂದಿದೆ ಎಂದು ಲೇಖಕರು ಬರೆದಿರುವುದು ನಿಜ. ಆದರೆ ಅವರು ಕೊಟ್ಟ ಸಲಹೆಗಳು ತಲೆಕೆಳಗಾದವು. ಕೂಟಕ್ಕೆ ದುಬಾರಿ ಬಾಟಲಿಯನ್ನೇ ಒಯ್ಯಿರಿ, ಪೀಪಾಯಿಯಲ್ಲಿ 12 ವರ್ಷ ಮಾಗಿದ್ದಕ್ಕಿಂತ 18 ವರ್ಷದ್ದು ಮೇಲು, ಬಣ್ಣ ಗಾಢವಾದಷ್ಟೂ ಸರಕು ಒಳ್ಳೆಯದು, ಲೇಬಲ್ ಎಲ್ಲರಿಗೂ ಕಾಣುವಂತೆ ಮೇಜಿನ ನಡುವೆ ಇಡಿ ಎಂದೆಲ್ಲ ಹೇಳಿದ್ದಾರೆ. ಹಾಗೆ ಮಾಡಿದರೆ ಅದು ರುಚಿಯ ಹೋಲಿಕೆಯಾಗುವುದಿಲ್ಲ, ಬಾಟಲಿಗಳ ಮೆರವಣಿಗೆಯಾಗುತ್ತದೆ.

ನಾನು ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡಿ ನಿವೃತ್ತನಾದವನು, ಗದಗದವನು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಣಗಿನಹಾಳ ನಮ್ಮ ತಾಲ್ಲೂಕಿನದೇ ಊರು. ಪಾಲಿನ ಹಣ ಎಷ್ಟೇ ಇರಲಿ, ಸದಸ್ಯನಿಗೆ ಮತ ಒಂದೇ ಎಂಬುದು ಸಹಕಾರದ ಮೊದಲ ಪಾಠ. ನಮ್ಮ ವಿಸ್ಕಿ ಕೂಟವನ್ನೂ ಇದೇ ಪಾಠದ ಮೇಲೆ ನಡೆಸುತ್ತೇವೆ. ಅಲ್ಲಿ ಬಾಟಲಿಗೆ ಮಾತನಾಡುವ ಹಕ್ಕಿಲ್ಲ, ನಾಲಿಗೆಗೆ ಮಾತ್ರ ಉಂಟು.

ಕೂಟದಲ್ಲಿ ಐವರಿದ್ದೇವೆ: ಗದಗದ ಮುದ್ರಣಾಲಯವೊಂದರ ಮಾಲೀಕರು, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು, ಧಾರವಾಡದಲ್ಲಿ ರಸಾಯನಶಾಸ್ತ್ರ ಕಲಿಸುವವರು, ಬ್ಯಾಡಗಿಯ ಮೆಣಸಿನಕಾಯಿ ದಲಾಲರು ಮತ್ತು ನಾನು. ಆರನೆಯವರು ನನ್ನ ಷಡ್ಡಕರು. ಹೆಡ್‌ಮಾಸ್ತರರಾಗಿದ್ದವರು, ಜೀವಮಾನದಲ್ಲಿ ಒಂದು ಹನಿ ಮುಟ್ಟದವರು. ಆದ್ದರಿಂದಲೇ ಸುರಿಯುವ ಕೆಲಸ ಅವರದು. ಬಾಟಲಿಗಳನ್ನು ಒಳಕೋಣೆಗೆ ಒಯ್ದು, ಒಂದೊಂದಕ್ಕೂ ಹಳೆಯ ಪತ್ರಿಕೆ ಸುತ್ತಿ (ತಮ್ಮದೇ ಪತ್ರಿಕೆ, ಬೇಸರಿಸಬಾರದು, ಅಗಲ ಸರಿಯಾಗಿ ಹೊಂದುತ್ತದೆ), ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಬಿಗಿದು, ಮೇಲೆ ಮ, ರ, ಲ, ಸ ಎಂದು ಬರೆಯುತ್ತಾರೆ. ಒಂದು, ಎರಡು ಎಂದು ಬರೆದರೆ ಒಂದನೆಯದಕ್ಕೆ ಮನಸ್ಸು ವಾಲುತ್ತದೆ ಎಂಬುದು ಮಾಸ್ತರರ ವಾದ. ಯಾವ ಅಕ್ಷರ ಯಾವ ಬಾಟಲಿ ಎಂಬ ಚೀಟಿ ಅವರ ಅಂಗಿಯ ಜೇಬಿನಲ್ಲಿರುತ್ತದೆ. ಅಳತೆಗೆ ಕೆಮ್ಮಿನ ಔಷಧಿಯ ಜೊತೆ ಬರುವ 15 ಮಿಲಿಯ ಮುಚ್ಚಳ. ನಾಲ್ಕು ಬಗೆ, ತಲಾ 15 ಮಿಲಿ. ಒಟ್ಟು 60 ಮಿಲಿ. ಬಾರಿನಲ್ಲಿ ಕುಳಿತ ಕೂಡಲೇ ಕೇಳುವ ಒಂದು ಲಾರ್ಜ್ ಪೆಗ್ ಎಷ್ಟೋ ಅಷ್ಟು ನಮ್ಮ ಇಡೀ ಸಂಜೆಗೆ ಸಾಕು. 750 ಮಿಲಿಯ ಬಾಟಲಿಯಿಂದ ಐವರಿಗೆ ಹೋಗುವುದು 75 ಮಿಲಿ, ಅಂದರೆ ಹತ್ತನೆಯ ಒಂದು ಭಾಗ. ಉಳಿದದ್ದನ್ನು ತಂದವರೇ ಒಯ್ಯುತ್ತಾರೆ. ಹೀಗಾಗಿ ನಮ್ಮಲ್ಲಿ ಯಾರ ಜೇಬಿಗೂ ಭಾರವಾಗಿಲ್ಲ.

ಗ್ಲಾಸಿನ ವಿಷಯದಲ್ಲಿ ಲೇಖಕರು ಹೇಳಿದ್ದನ್ನು ಒಪ್ಪುತ್ತೇನೆ. ಅಗಲ ಬಾಯಿಯ ಲೋಟದಲ್ಲಿ ವಾಸನೆ ನಿಲ್ಲುವುದಿಲ್ಲ. ಹೊಟ್ಟೆ ಉಬ್ಬಿ ಬಾಯಿ ಕಿರಿದಾದ ಗ್ಲಾಸು ಬೇಕು. ಗ್ಲೆನ್‌ಕೇರ್ನ್ ಎಂಬ ಸ್ಕಾಟ್ಲೆಂಡಿನ ಕಂಪನಿ 2001ರಲ್ಲಿ ಇದಕ್ಕೆಂದೇ ಒಂದನ್ನು ಮಾಡಿ ಮಾರುಕಟ್ಟೆಗೆ ಬಿಟ್ಟಿತು. ನಮ್ಮವು ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಯಲ್ಲಿ ಕೊಂಡವು, ಕೆಲಸಕ್ಕೆ ಅಡ್ಡಿಯಿಲ್ಲ. ಐಸ್ ಹಾಕುವುದಿಲ್ಲ, ಏಕೆಂದರೆ ತಣ್ಣಗಾದಂತೆ ವಾಸನೆ ಮುದುಡುತ್ತದೆ. ನೀರು ಮಾತ್ರ ಬೇಕು, ಅದೂ ಹನಿ ಲೆಕ್ಕದಲ್ಲಿ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇದಕ್ಕೆ ಕಾರಣವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ವಿಸ್ಕಿಗೆ ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಎಂಬ ಅಂಶ ಮದ್ಯಸಾರ ಹೆಚ್ಚಿರುವಾಗ ಒಳಗೇ ಅಡಗಿರುತ್ತದೆ, ನೀರು ಬೆರೆತಾಗ ಮೇಲ್ಮೈಗೆ ಬರುತ್ತದೆ. ರಸಾಯನಶಾಸ್ತ್ರದ ಮೇಷ್ಟ್ರು ಇದನ್ನು ವಿವರಿಸಿದ ದಿನದಿಂದ ವರ್ಕ್‌ಶಾಪಿನವರು ಕಣ್ಣಿಗೆ ಔಷಧಿ ಹಾಕುವ ಡ್ರಾಪರ್ ಒಂದನ್ನು ಜೇಬಿನಲ್ಲಿಟ್ಟುಕೊಂಡೇ ಬರುತ್ತಾರೆ. ನಮ್ಮ ಓಣಿಯ ಬೋರ್‌ವೆಲ್ಲಿನ ನೀರು ಸವುಳು, ಅದನ್ನು ಬಳಸುವುದಿಲ್ಲ.

ಜಗಳ ನಡೆಯುವುದು ತಿಂಡಿಯ ಮೇಲೆ. ಗದಗದಲ್ಲಿ ಸಂಜೆ ಕೂಡಿ ಮಿರ್ಚಿ ಬಜ್ಜಿ ತಿನ್ನಬಾರದು ಎಂದರೆ ಯಾರು ಕೇಳುತ್ತಾರೆ? ಆದರೆ ಖಾರ ಹತ್ತಿದ ನಾಲಿಗೆಗೆ ಎಲ್ಲ ವಿಸ್ಕಿಯೂ ಒಂದೇ. ಚೀಟಿ ಬಿಚ್ಚುವವರೆಗೆ ಬರೀ ಚುರುಮುರಿ, ಎಣ್ಣೆ ಉಪ್ಪು ಏನೂ ಇಲ್ಲದ್ದು. ಬಜ್ಜಿ, ಗಿರ್ಮಿಟ್ ಎಲ್ಲ ಆಮೇಲೆ. ಮುದ್ರಣಾಲಯದ ಮಾಲೀಕರು ಈ ನಿಯಮವನ್ನು ಇಂದಿಗೂ ಮನಸ್ಸಿನಿಂದ ಒಪ್ಪಿಲ್ಲ.

ನೋಡಬೇಕಾದದ್ದು ಬ್ಯಾಡಗಿಯ ದಲಾಲರನ್ನು. ಅವರು ಗ್ಲಾಸಿಗೆ ಮೂಗು ತೂರಿಸುವುದಿಲ್ಲ. ಎರಡು ಹನಿಯನ್ನು ಅಂಗೈಗೆ ಹಾಕಿಕೊಂಡು ಎರಡೂ ಕೈ ತಿಕ್ಕುತ್ತಾರೆ, ಮದ್ಯಸಾರದ ಘಾಟು ಹಾರಿಹೋಗುವವರೆಗೆ ಸುಮ್ಮನಿರುತ್ತಾರೆ, ನಂತರ ಅಂಗೈಗಳನ್ನು ಬೊಗಸೆ ಮಾಡಿ ಮೂಗಿಗೆ ಹಿಡಿಯುತ್ತಾರೆ. ಕಣ್ಣು ಅರ್ಧ ಮುಚ್ಚಿರುತ್ತದೆ. "ಇದರಲ್ಲಿ ಒಣದ್ರಾಕ್ಷಿ ಇದೆ, ಡಬ್ಬಿಯ ತಳದಲ್ಲಿ ಉಳಿದದ್ದು" ಎಂದರೆ ಅದು ಶೆರ್ರಿ ಎಂಬ ಸ್ಪೇನಿನ ದ್ರಾಕ್ಷಿಮದ್ಯ ಇಟ್ಟಿದ್ದ ಪೀಪಾಯಿಯಲ್ಲಿ ಮಾಗಿದ್ದು ಎಂದು ಆಮೇಲೆ ಚೀಟಿ ಹೇಳುತ್ತದೆ. ಸ್ಕಾಟ್ಲೆಂಡಿನ ಐಲಾ ದ್ವೀಪದ ವಿಸ್ಕಿ ಬಂದ ದಿನ ಐವರೂ ಬೇರೆ ಬೇರೆ ಹೇಳಿದೆವು. ಅಲ್ಲಿ ಮೊಳಕೆ ಬರಿಸಿದ ಬಾರ್ಲಿಯನ್ನು ಪೀಟ್ ಎಂಬ ಜೌಗು ನೆಲದ ಮಣ್ಣನ್ನು ಉರಿಸಿ ಅದರ ಹೊಗೆಯಲ್ಲಿ ಒಣಗಿಸುತ್ತಾರೆ. ವರ್ಕ್‌ಶಾಪಿನವರಿಗೆ ಅದು ಹಬೆ ಇಂಜಿನ್ನಿನ ಶೆಡ್ಡು, ಮುದ್ರಣಾಲಯದವರಿಗೆ ಸರಕಾರಿ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆ, ದಲಾಲರಿಗೆ ನೀರು ಚೆಲ್ಲಿ ಆರಿಸಿದ ಒಲೆ. ಪುರವಣಿಯ ಲೇಖನದಲ್ಲಿ ನಾವ್ಯಾರೂ ಕಂಡಿಲ್ಲದ ಹಣ್ಣುಗಳ ಹೆಸರೇ ತುಂಬಿದ್ದವು. ನಮ್ಮ ಮೂಗಿಗೆ ಗೊತ್ತಿರುವುದನ್ನು ನಾವು ಹೇಳಿದರೆ ಆಗದೇ?

ಬಣ್ಣದ ಮಾತಿಗೆ ಬರುತ್ತೇನೆ. ಒಮ್ಮೆ ಮೇಷ್ಟ್ರು ಮತ್ತು ನನ್ನ ಷಡ್ಡಕರು ಕೂಡಿ ಒಂದು ಕುಚೇಷ್ಟೆ ಮಾಡಿದರು. ಒಂದೇ ಬಾಟಲಿಯ ವಿಸ್ಕಿಯನ್ನು ಎರಡು ಗ್ಲಾಸಿಗೆ ಸುರಿದು, ಒಂದಕ್ಕೆ ಸಕ್ಕರೆ ಸುಟ್ಟು ಮಾಡಿದ ಪಾಕದ ಹನಿಯೊಂದನ್ನು ಬೆರೆಸಿ ತಂದಿಟ್ಟರು. ಬಣ್ಣ ಬೆರೆಸಿದ್ದನ್ನು "ಇದು ಹಳೆಯದು, ಗಂಭೀರವಾಗಿದೆ" ಎಂದು ಹೊಗಳಿದವರೇ ಹೆಚ್ಚು. ದಲಾಲರು ಮಾತ್ರ ಅಂಗೈ ಮೂಸಿ ನಕ್ಕರು: "ಎರಡೂ ಒಂದೇ ಮನೆಯವು. ಬ್ಯಾಡಗಿ ಕಾಯಿ ಹೋಗುವುದೇ ಬಣ್ಣಕ್ಕಾಗಿ, ಅಲ್ಲಿ ಬಣ್ಣಕ್ಕೆ ದರ ಕಟ್ಟುವುದು ಸರಿ. ಇಲ್ಲಿ ಬಣ್ಣಕ್ಕೇಕೆ ದರ, ಸಾಹೇಬರೇ?" ಸ್ಕಾಚ್, ಅಂದರೆ ಸ್ಕಾಟ್ಲೆಂಡಿನ ವಿಸ್ಕಿಯ ಕಟ್ಟುನಿಟ್ಟಿನ ಕಾನೂನು ಕೂಡ ಕ್ಯಾರಮೆಲ್ ಬಣ್ಣ ಬೆರೆಸಲು ಅವಕಾಶ ಕೊಟ್ಟಿದೆ ಎಂಬುದನ್ನು ಲೇಖಕರು ತಿಳಿಯಬೇಕು.

ವಯಸ್ಸಿನ ಲೆಕ್ಕವಂತೂ ನನ್ನ ಕಸುಬಿಗೆ ಸೇರಿದ್ದು. ಪೀಪಾಯಿಯಲ್ಲಿ ಮಾಗುವಾಗ ವಿಸ್ಕಿಯ ಒಂದಷ್ಟು ಭಾಗ ಪ್ರತಿ ವರ್ಷ ಗಾಳಿಗೆ ಹಾರಿಹೋಗುತ್ತದೆ. ಅದನ್ನು ವಿಸ್ಕಿ ಮಾಡುವವರು ದೇವತೆಗಳ ಪಾಲು ಎಂದು ಬಿಟ್ಟುಕೊಡುತ್ತಾರೆ. ನಾನಾಗಿದ್ದರೆ ಖೋತಾ ಎಂದು ಆಕ್ಷೇಪಣೆ ಬರೆಯುತ್ತಿದ್ದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಇದು ವರ್ಷಕ್ಕೆ ಸುಮಾರು ಶೇ 2, ಬೆಂಗಳೂರಿನ ಹವೆಯಲ್ಲಿ ಶೇ 10ರಿಂದ 12. ಚಕ್ರಬಡ್ಡಿಯ ಲೆಕ್ಕವನ್ನೇ ತಿರುಗಿಸಿ ಹಾಕಿ ನೋಡಿ. ಅಲ್ಲಿ 12 ವರ್ಷಕ್ಕೆ ಪೀಪಾಯಿಯ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹೋಗಿರುತ್ತದೆ. ಇಲ್ಲಿ ನಾಲ್ಕೇ ವರ್ಷಕ್ಕೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಸೆಕೆಯಲ್ಲಿ ಮರದ ಸಾರವೂ ಬೇಗ ಇಳಿಯುತ್ತದೆ. ಹೀಗಿರುವಾಗ ಅಲ್ಲಿಯ 12ನ್ನೂ ಇಲ್ಲಿಯ 4ನ್ನೂ ಪಕ್ಕಪಕ್ಕ ಬರೆದು ದೊಡ್ಡದು ಯಾವುದು ಎಂದು ಕೇಳುವುದರಲ್ಲಿ ಅರ್ಥವೇನಿದೆ?

ಬೆಂಗಳೂರಿನಲ್ಲಿ 1948ರಲ್ಲಿ ಆರಂಭವಾದ ಅಮೃತ್ ಕಂಪನಿ ತನ್ನ ಸಿಂಗಲ್ ಮಾಲ್ಟ್ ಅನ್ನು (ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿಯಿಂದಲೇ ಒಂದೇ ಕಾರ್ಖಾನೆಯಲ್ಲಿ ಮಾಡಿದ ವಿಸ್ಕಿ) ಮೊದಲು ಬಿಡುಗಡೆ ಮಾಡಿದ್ದು ಇಲ್ಲಲ್ಲ, 2004ರಲ್ಲಿ ಗ್ಲಾಸ್ಗೋದಲ್ಲಿ, ಸ್ಕಾಚ್‌ನ ಅಂಗಳದಲ್ಲೇ. ನಮ್ಮ ರಾಜ್ಯದವರಿಗೆ ಅದು ಸಿಗುವ ಹೊತ್ತಿಗೆ 2010 ಆಗಿತ್ತು. ನಮ್ಮ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆಯಾಡಿಸಿದ ಬಾರ್ಲಿಯನ್ನು ಕೂಡಿಸಿ ಮಾಡಿದ ಅವರ ಫ್ಯೂಷನ್ ವಿಸ್ಕಿಗೆ ಜಿಮ್ ಮರ್ರೆ ಎಂಬ ಇಂಗ್ಲಿಷ್ ವಿಮರ್ಶಕರು 2010ರ ತಮ್ಮ ವಾರ್ಷಿಕ ಕೈಪಿಡಿಯಲ್ಲಿ ಜಗತ್ತಿನ ಮೂರನೆಯ ಸ್ಥಾನ ಕೊಟ್ಟರು. ಅದರ ಲೇಬಲ್ಲಿನ ಮೇಲೆ ವಯಸ್ಸಿನ ಅಂಕಿಯೇ ಇಲ್ಲ.

ಬೆಲೆಯ ಬಗ್ಗೆ ಒಂದೇ ಪ್ರಸಂಗ ಹೇಳಿದರೆ ಸಾಕು. ಕೂಟದವರೊಬ್ಬರ ಮಗ ವಿದೇಶದಿಂದ ಬರುವಾಗ ತಂದುಕೊಟ್ಟ ದುಬಾರಿ ಸ್ಕಾಚ್ ಒಂದು ಸಂಜೆ 'ಲ' ಅಕ್ಷರವಾಗಿ ಬಂತು. ಅದಕ್ಕೆ ಕೊನೆಯ ಸ್ಥಾನ ಸಿಕ್ಕಿತು, ಕೊಟ್ಟವರಲ್ಲಿ ಅದನ್ನು ತಂದವರೂ ಇದ್ದರು. ಮಾಸ್ತರರು ಚೀಟಿ ಓದಿದಾಗ ಅವರು "ಇನ್ನೊಮ್ಮೆ ಓದಿ" ಎಂದರು. ಲೇಬಲ್ ಎದುರಿಗಿದ್ದಿದ್ದರೆ ಅದೇ ವಿಸ್ಕಿಗೆ ಐವರೂ ಕಣ್ಣು ಮುಚ್ಚಿ ಮೊದಲ ಸ್ಥಾನ ಕೊಡುತ್ತಿದ್ದೆವು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಅದೇ ಲೇಖನಕ್ಕೆ ರಾಣೆಬೆನ್ನೂರಿನ ಓದುಗರೊಬ್ಬರು ಖಾರವಾಗಿ ಪ್ರತಿಕ್ರಿಯಿಸಿ, ಕುಡಿತಕ್ಕೆ ಸಂಸ್ಕೃತಿಯ ಅಂಗಿ ತೊಡಿಸಬೇಡಿ ಎಂದಿದ್ದರು. ಅವರ ಸಿಟ್ಟನ್ನು ಹಗುರವಾಗಿ ಕಾಣಲಾರೆ. ಕುಡಿತ ಎಷ್ಟು ಮನೆಗಳನ್ನು ನುಂಗಿದೆ ಎಂಬುದನ್ನು ಸಂಘಗಳ ಸುಸ್ತಿ ಸಾಲದ ಪಟ್ಟಿಗಳಲ್ಲಿ ಕಂಡವನು ನಾನು. 2007ರಲ್ಲಿ ಸಾರಾಯಿ ನಿಷೇಧವಾದಾಗ ಹಳ್ಳಿಗಳ ಹೆಣ್ಣುಮಕ್ಕಳು ಪಟ್ಟ ಸಮಾಧಾನವನ್ನೂ ನೋಡಿದ್ದೇನೆ. ಕುಡಿಯದವರು ನಮ್ಮ ಕೂಟವನ್ನು ಕಂಡು ಆರಂಭಿಸಬೇಕಾಗಿಲ್ಲ. ಕುಡಿಯುವವರು ಅಳೆದು, ಕುಳಿತು, ನಿಧಾನಿಸಿ ಕುಡಿಯುವುದಾದರೆ ಅದರಿಂದ ಅವರಿಗೂ ಮನೆಯವರಿಗೂ ಹೊರೆ ಕಡಿಮೆ ಎಂದಷ್ಟೇ ನನ್ನ ಅಭಿಪ್ರಾಯ. ಹುಬ್ಬಳ್ಳಿ, ಧಾರವಾಡ, ಬ್ಯಾಡಗಿಯವರು ರೈಲಿನಲ್ಲಿ ಬಂದು ರಾತ್ರಿ ನಮ್ಮಲ್ಲೇ ಉಳಿಯುತ್ತಾರೆ. ಸ್ಥಳೀಯರ ಸ್ಕೂಟರಿನ ಕೀಲಿ ಮೊದಲ ಹನಿಗೆ ಮುಂಚೆಯೇ ನನ್ನ ಹೆಂಡತಿಯ ಪೇಡೆ ಡಬ್ಬಿ ಸೇರುತ್ತದೆ. ಶ್ರಾವಣದಲ್ಲಿ ಕೂಟವಿಲ್ಲ.

ಇನ್ನೊಂದು ಕಟ್ಟಳೆ ಇದೆ, ಅದಕ್ಕೆ ನನ್ನನ್ನು ಬೈಯುವವರಿದ್ದಾರೆ. ನಮ್ಮ ಭಾಗದವರಿಗೆ ಗೋವಾ ಹತ್ತಿರ. 'ಗೋವಾದಲ್ಲಿ ಮಾತ್ರ ಮಾರಾಟಕ್ಕೆ' ಎಂದು ಅಚ್ಚಾದ ಬಾಟಲಿಯನ್ನು ಬಟ್ಟೆಯ ಚೀಲದ ಅಡಿಯಲ್ಲಿಟ್ಟು ಅನಮೋಡ ತಪಾಸಣಾ ಠಾಣೆ ದಾಟಿಸಿದ್ದನ್ನು ಪರಾಕ್ರಮದಂತೆ ಹೇಳಿಕೊಳ್ಳುವವರು ಬಹಳ. ಪರವಾನಗಿಯಿಲ್ಲದೆ ತಂದ ಅಂಥ ಬಾಟಲಿಗೆ ನಮ್ಮ ಮನೆಯ ಹೊಸ್ತಿಲು ದಾಟಲು ಅನುಮತಿ ಇಲ್ಲ. ರಸೀದಿ ತೋರಿಸಿ ಒಳಗೆ ಬನ್ನಿ ಎನ್ನುತ್ತೇನೆ. ಸ್ಕಾಚ್ ಇನ್ನು ನೀರಿನ ಬೆಲೆಗೆ ಸಿಗುತ್ತದೆ ಎಂದು ಲೇಖಕರು ಉತ್ಸಾಹಪಟ್ಟಿದ್ದಾರೆ. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ವ್ಯಾಪಾರ ಒಪ್ಪಂದದಂತೆ ಆಮದು ಸುಂಕ ಶೇ 150ರಿಂದ 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಯಬೇಕು, ನಿಜ. ಆದರೆ ಮದ್ಯ ಜಿಎಸ್‌ಟಿಯ ಹೊರಗಿದೆ, ರಾಜ್ಯದ ಅಬಕಾರಿ ತೆರಿಗೆ ಬೇರೆಯೇ ಇದೆ. ಆ ಕಾಲಂ ಬಿಟ್ಟು ಮೊತ್ತ ಹಾಕಿದ ಲೆಕ್ಕವನ್ನು ನಾನು ಪಾಸು ಮಾಡಲಾರೆ.

ನಾನು ಪತ್ರ ಬರೆಯಲು ಮುಖ್ಯ ಕಾರಣ ಬೇರೆ. ನಾವು ರುಚಿ ನೋಡಲು ಲೇಬಲನ್ನು ಮುಚ್ಚುತ್ತೇವೆ. ಚೀಟಿ ಬಿಚ್ಚಿದ ಮೇಲೆ ಅದನ್ನು ಓದಲು ಕುಳಿತರೆ ಓದಬೇಕಾದದ್ದೇ ಅಲ್ಲಿರುವುದಿಲ್ಲ. ನಮ್ಮ ದೇಶದಲ್ಲಿ ವಿಸ್ಕಿ ಎಂದು ಮಾರಾಟವಾಗುವ ಎಷ್ಟೋ ಸರಕು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಭಟ್ಟಿ ಇಳಿಸಿದ, ವಾಸನೆಯಿಲ್ಲದ ಸ್ಪಿರಿಟ್‌ಗೆ ಒಂದಿಷ್ಟು ಮಾಲ್ಟ್ ಬೆರೆಸಿದ್ದು. ಯುರೋಪಿನಲ್ಲಿ ಧಾನ್ಯದಿಂದ ಮಾಡಿ, ಕನಿಷ್ಠ 3 ವರ್ಷ ಮರದ ಪೀಪಾಯಿಯಲ್ಲಿ ಮಾಗಿಸದಿದ್ದರೆ ಅದನ್ನು ವಿಸ್ಕಿ ಎಂದು ಮಾರುವಂತಿಲ್ಲ. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡಗಳು ಕಾಕಂಬಿಯ ಸ್ಪಿರಿಟ್ಟಿಗೂ ಈ ಹೆಸರನ್ನು ಬಿಟ್ಟುಕೊಟ್ಟಿವೆ. ಕಾಕಂಬಿಯದು ಕೀಳು ಎಂದು ನಾನು ಹೇಳುತ್ತಿಲ್ಲ. ನಮ್ಮ ಕೂಟದಲ್ಲಿ ಅಂಥದ್ದೊಂದು ಎರಡನೆಯ ಸ್ಥಾನಕ್ಕೂ ಬಂದಿದೆ. ಏನು ಕುಡಿಯುತ್ತಿದ್ದೇನೆ ಎಂಬುದು ನನಗೆ ತಿಳಿಯಬೇಕು, ಅಷ್ಟೇ. ಲೇಬಲ್ಲಿನಲ್ಲಿ ಆನೆ, ಕುದುರೆ, ಕಿರೀಟಗಳಿಗೆ ಜಾಗವಿದೆ. 42.8 ಎಂಬ ಮದ್ಯಸಾರದ ಅಂಕಿ ಇದೆ. ಬ್ರಿಟಿಷರ ಹಳೆಯ ಅಳತೆಯ 75 ಪ್ರೂಫ್ ಅನ್ನು ನಾವು ಇನ್ನೂ ಹೊತ್ತುಕೊಂಡಿರುವುದಕ್ಕೆ ಅದು ಸಾಕ್ಷಿ. ಮೂಲವಸ್ತುವಿನ ಮಾತು ಇದ್ದರೂ ಭೂತಗನ್ನಡಿ ಹಿಡಿಯಬೇಕು, ಅದೂ ಇಂಗ್ಲಿಷಿನಲ್ಲಿ.

ಆದ್ದರಿಂದ ಪ್ರಾಧಿಕಾರಕ್ಕೂ ರಾಜ್ಯದ ಅಬಕಾರಿ ಇಲಾಖೆಗೂ ತಮ್ಮ ಪತ್ರಿಕೆಯ ಮೂಲಕ ನನ್ನ ಕೋರಿಕೆ: ಸ್ಪಿರಿಟ್ ಕಾಕಂಬಿಯದೋ ಧಾನ್ಯದ್ದೋ, ಅದರಲ್ಲಿ ಮಾಲ್ಟ್ ಶೇಕಡಾ ಎಷ್ಟು, ಪೀಪಾಯಿಯಲ್ಲಿ ಇಟ್ಟಿದ್ದರೆ ಎಷ್ಟು ಕಾಲ, ಬಣ್ಣ ಬೆರೆಸಿದೆಯೋ ಇಲ್ಲವೋ, ಇವನ್ನು ಬಾಟಲಿಯ ಹಿಂಬದಿಯಲ್ಲಿ ಕನ್ನಡದಲ್ಲಿ, ಎಚ್ಚರಿಕೆಯ ವಾಕ್ಯದಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. 90 ಮಿಲಿಯ ಟೆಟ್ರಾ ಪ್ಯಾಕೆಟ್ಟಿಗೂ ಇದು ಅನ್ವಯವಾಗಬೇಕು. ದಿನಗೂಲಿಯವರು ಕೊಳ್ಳುವುದು ಅದನ್ನೇ, ಅದರ ಮೇಲೆಯೇ ಬರಹ ಎಲ್ಲಕ್ಕಿಂತ ಚಿಕ್ಕದು.

ಹೆಸರನ್ನು ಪ್ರಕಟಿಸಬಾರದೆಂದು ವಿನಂತಿ. ಷಡ್ಡಕರ ಹಳೆಯ ವಿದ್ಯಾರ್ಥಿಗಳು ಊರ ತುಂಬ ಇದ್ದಾರೆ.

ತಮ್ಮ ವಿಶ್ವಾಸಿ,
ನಿವೃತ್ತ ಸಹಕಾರಿ ಲೆಕ್ಕ ತಪಾಸಣಿಗ,
ಗದಗ