ಎರಡು ಔಟ್, ಮೂರು ಲ್ಯಾಪ್

ಪ್ರೀತಿಯ ಗೆಳೆಯಾ,

ಭಾನುವಾರ ನಮ್ಮ ಹುಡುಗಿಯರು 2025ರ ಕ್ರಿಕೆಟ್ ವಿಶ್ವಕಪ್ ಗೆದ್ದ ಖುಷಿಯಲ್ಲಿ ನೀನು ಫೋನ್ ಮಾಡಿದೆ. ನಾನೂ ಇಲ್ಲಿ ಬೆಳಗಿನ ಆರೂವರೆಯಿಂದಲೇ ಟಿವಿ ಮುಂದೆ ಕೂತಿದ್ದೆ. ಶಫಾಲಿಯ 87, ದೀಪ್ತಿಯ ಐದು ವಿಕೆಟ್, ಎಲ್ಲಾ ನೋಡಿದೆ. ಆದರೂ ನಿನ್ನ ದನಿ ಯಾಕೋ ಸಪ್ಪೆ ಅಂದೆಯಲ್ಲ, ಅದಕ್ಕೆ ಕಾರಣ ಹಿಂದಿನ ರಾತ್ರಿಯ ಬೇಸ್‌ಬಾಲ್. ನೀನು ಫೋನ್ ಇಟ್ಟ ಮೇಲೆ ಸಂಜೆಗೆ ಕಾರ್ ರೇಸಿನಲ್ಲೂ ಅಂಥದ್ದೇ ಒಂದು ಆಯಿತು. ಎರಡನ್ನೂ ನಿನಗೆ ಹೇಳದೆ ಸಮಾಧಾನವಿಲ್ಲ.

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ ಆಡುವ ಒಂದೇ ಒಂದು ಕೆನಡಾ ತಂಡ ನಮ್ಮ ಟೊರಾಂಟೊ ಬ್ಲೂ ಜೇಸ್. ಕೊನೆಯ ಸಲ ಆ ಲೀಗಿನ ಫೈನಲ್ ಸರಣಿ ವರ್ಲ್ಡ್ ಸೀರೀಸ್ ಗೆದ್ದಿದ್ದು 1993ರಲ್ಲಿ. ಈ ಸಲ ಎದುರಿಗೆ ಕಳೆದ ವರ್ಷದ ಚಾಂಪಿಯನ್ ಲಾಸ್ ಏಂಜಲೀಸ್ ಡಾಜರ್ಸ್. ಏಳರಲ್ಲಿ ನಾಲ್ಕು ಗೆದ್ದವರಿಗೆ ಕಪ್. ಮಾಮೂಲಿಗೆ ಒಂಬತ್ತು ಇನಿಂಗ್ಸ್, ಸಮವಾದರೆ ಮುಂದುವರಿಯುತ್ತದೆ; ಮೂರನೇ ಪಂದ್ಯವೊಂದೇ 18 ಇನಿಂಗ್ಸ್ ನಡೆಯಿತು, ಆರೂವರೆ ಗಂಟೆಗಿಂತ ಜಾಸ್ತಿ. ಐದು ಮುಗಿದಾಗ ನಾವು 3-2 ಮುಂದಿದ್ದೆವು. ಶುಕ್ರವಾರ ಸೋತು 3-3 ಆಯಿತು. ಏಳನೆಯದು ಶನಿವಾರ, ನವೆಂಬರ್ 1ರ ರಾತ್ರಿ. ರಾಜ್ಯೋತ್ಸವ ಬೇರೆ. ಮನೆಗೆ ಒಂದಷ್ಟು ಕನ್ನಡದವರು ಊಟಕ್ಕೆ ಬಂದಿದ್ದರು. ಹೋಳಿಗೆ ತಿನ್ನುತ್ತಲೇ ಎಲ್ಲರೂ ಸೋಫಾ ಹಿಡಿದರು.

ಮೂರನೇ ಇನಿಂಗ್ಸಿನಲ್ಲಿ ನಮ್ಮ ಬೋ ಬಿಶೆಟ್ ಚೆಂಡನ್ನು ಬೇಲಿಯಾಚೆ ಕಳಿಸಿ ಹೋಂ ರನ್ ಹೊಡೆದ. ಬೇಸಿನ ಮೇಲೆ ಇಬ್ಬರಿದ್ದರು, ಒಟ್ಟಿಗೆ ಮೂರು ರನ್ ಬಂತು. ಪಿಚ್ ಮಾಡುತ್ತಿದ್ದವನು ಯಾರು ಗೊತ್ತಾ? ಶೋಹೆ ಒಟಾನಿ! ಎಸೆತ, ಬ್ಯಾಟಿಂಗ್ ಎರಡರಲ್ಲೂ ಜಗತ್ತೇ ಬೆರಗಾಗುವ ಆಟಗಾರ. ನಮ್ಮ ಕಡೆ ಎಸೆಯುತ್ತಿದ್ದವನು 41 ವರ್ಷದ ಮ್ಯಾಕ್ಸ್ ಶರ್ಜರ್. ಆ ವಯಸ್ಸಿನಲ್ಲಿ ಫೈನಲ್ಲಿನ ಕೊನೇ ಪಂದ್ಯ ಶುರು ಮಾಡುವುದು ಅಂದರೆ ಏನು ಗುಂಡಿಗೆ ಬೇಕು ಯೋಚಿಸು.

ಡಾಜರ್ಸ್ ಒಂದೊಂದೇ ರನ್ ಕೂಡಿಸುತ್ತಾ ಬಂದರು. ಒಂಬತ್ತನೇ ಇನಿಂಗ್ಸಿಗೆ ನಾವು 4-3 ಮುಂದಿದ್ದೆವು. ಮೂರು ಔಟಿಗೆ ಒಂದು ತಂಡದ ಸರದಿ ಮುಗಿಯುತ್ತದೆ. ಅವರದು ಒಂದು ಔಟ್ ಆಯಿತು. ಇನ್ನೆರಡು ಔಟ್ ಬಿದ್ದರೆ 32 ವರ್ಷದ ಮೇಲೆ ಕಪ್ ನಮ್ಮದು. ಆಗ ಬಂದವನು ಮಿಗೆಲ್ ರೋಹಾಸ್. ಹೋಂ ರನ್ ಹೊಡೆಯುವವನು ಅಂತ ಹೆಸರಾದವನೇ ಅಲ್ಲ. ಅವನು ಎಡಗಡೆಯ ಪ್ರೇಕ್ಷಕರ ನಡುವೆ ಹೊಡೆದ. 4-4. ಮನೆಯಲ್ಲಿ ಒಬ್ಬರೂ ಮಾತಾಡಲಿಲ್ಲ ಮಾರಾಯ.

ನಮ್ಮ ಸರದಿಯಲ್ಲಿ ಮೂರೂ ಬೇಸ್ ತುಂಬಿತ್ತು, ಒಂದೇ ಔಟ್. ಒಂದು ರನ್ ಬಂದರೆ ಸಾಕು. ನಮ್ಮ ವಾರ್ಶೋ ಹೊಡೆದ ಚೆಂಡನ್ನು ಅದೇ ರೋಹಾಸ್ ಎಡವುತ್ತಲೇ ಹಿಡಿದು, ರನ್ ಪೂರ್ತಿಯಾಗುವ ಹೋಂ ಪ್ಲೇಟಿಗೆ ಎಸೆದ. ಅಲ್ಲಿಗೆ ಓಡಿ ಬಂದ ನಮ್ಮವನು ಕೂದಲೆಳೆಯಲ್ಲಿ ಔಟ್. ಮುಂದಿನ ಚೆಂಡು ಗೋಡೆಯವರೆಗೂ ಹಾರಿತು. ಇಬ್ಬರು ಫೀಲ್ಡರ್‌ಗಳು ಡಿಕ್ಕಿ ಹೊಡೆದರೂ ಕ್ಯಾಚ್ ಬಿಡಲಿಲ್ಲ. 11ನೇ ಇನಿಂಗ್ಸಿನಲ್ಲಿ ಡಾಜರ್ಸ್‌ನ ವಿಲ್ ಸ್ಮಿತ್ ಹೋಂ ರನ್ ಹೊಡೆದು 5-4 ಮಾಡಿದ. ನಮ್ಮ ಗೆರೇರೊ ಡಬಲ್ (ಎರಡನೇ ಬೇಸ್ ಮುಟ್ಟಿಸುವ ಹೊಡೆತ) ಹೊಡೆದು, ಆಮೇಲೆ ಮೂರನೇ ಬೇಸಿನವರೆಗೂ ಬಂದ. ಅಲ್ಲೇ ನಿಂತ. ಕರ್ಕ್‌ನ ಬ್ಯಾಟ್ ಮುರಿಯಿತು, ಚೆಂಡು ನೆಲದ ಮೇಲೆ ಉರುಳಿತು, ಡಬಲ್ ಪ್ಲೇ, ಅಂದರೆ ಒಂದೇ ಚೆಂಡಿಗೆ ಇಬ್ಬರು ಔಟ್, ಮುಗಿಯಿತು. ಕೊನೆಗೆ ಎಸೆಯುತ್ತಿದ್ದವನು ಡಾಜರ್ಸ್‌ನ ಯಮಾಮೊಟೊ. ಹಿಂದಿನ ರಾತ್ರಿಯಷ್ಟೇ 96 ಎಸೆತ ಎಸೆದಿದ್ದ! ಸರಣಿಶ್ರೇಷ್ಠ ಅವನೇ, ಸರಿಯಾಗೇ ಕೊಟ್ಟರು. ಆ ರಾತ್ರಿ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಒಂದು ಗಂಟೆ ಜಾಸ್ತಿ ನಿದ್ದೆ ಸಿಗಬೇಕಿತ್ತು. ಯಾರಿಗೆ ಬಂತು ನಿದ್ದೆ?

ಇನ್ನು ರೇಸು. ಫೀನಿಕ್ಸಿನ ಒಂದು ಮೈಲಿ ಟ್ರ್ಯಾಕಿನಲ್ಲಿ ಅಮೆರಿಕದ ಕಾರ್ ರೇಸ್ ಸರಣಿ ನಾಸ್ಕಾರ್‌ನ ವರ್ಷದ ಕೊನೇ ಓಟ. ನಾನು ಚಾಲಕ ಡೆನ್ನಿ ಹ್ಯಾಮ್ಲಿನ್ ಕಡೆ ಅಂತ ನಿನಗೆ ಗೊತ್ತಲ್ಲ. ನಾಸ್ಕಾರ್‌ನ ದೊಡ್ಡ ರೇಸ್ ಡೇಟೋನಾ 500 ಮೂರು ಸಲ ಗೆದ್ದಿದ್ದಾನೆ. ಆ ಓಟದ ಹೊತ್ತಿಗೆ ಒಟ್ಟು 60 ಗೆಲುವು. 2006ರಿಂದ ಪ್ರತಿ ವರ್ಷ ಓಡಿಸಿದ್ದಾನೆ, ಚಾಂಪಿಯನ್ ಪಟ್ಟ ಮಾತ್ರ ಒಂದೂ ಇರಲಿಲ್ಲ. 2025ರವರೆಗೆ ನಿಯಮ ಹೀಗಿತ್ತು: ವರ್ಷವೆಲ್ಲಾ 36 ರೇಸ್, ಕೊನೆಯದಕ್ಕೆ ಪಟ್ಟದ ಸ್ಪರ್ಧೆಯಲ್ಲಿ ನಾಲ್ಕು ಜನರನ್ನು ಉಳಿಸುತ್ತಿದ್ದರು. ಆ ಒಂದು ಓಟದಲ್ಲಿ ನಾಲ್ವರಲ್ಲಿ ಯಾರು ಮುಂದೆ ಮುಗಿಸುತ್ತಿದ್ದರೋ ಅವರಿಗೆ ಪಟ್ಟ.

ಹ್ಯಾಮ್ಲಿನ್ ಅವತ್ತು 208 ಲ್ಯಾಪ್ (ಟ್ರ್ಯಾಕಿನ ಸುತ್ತು) ಎಲ್ಲರಿಗಿಂತ ಮುಂದಿದ್ದ. ಮೂರು ಲ್ಯಾಪ್ ಉಳಿದಾಗಲೂ ಅವನೇ ಮುಂದೆ. ಆಗ ವಿಲಿಯಂ ಬೈರನ್ ಕಾರಿನ ಟೈರ್ ಹೋಗಿ ಗೋಡೆಗೆ ಬಡಿಯಿತು. ಹಳದಿ ಬಾವುಟ, ಅಂದರೆ ಎಲ್ಲರೂ ನಿಧಾನ, ಹಿಂದಿಕ್ಕುವಂತಿಲ್ಲ. ಮುಂದಿದ್ದವರು ಟೈರ್ ಬದಲಿಸಲು ಪಿಟ್‌ಗೆ ಬಂದರು. ಹ್ಯಾಮ್ಲಿನ್ ತಂಡ ನಾಲ್ಕು ಟೈರ್ ಹಾಕಿತು, ನಾಲ್ವರಲ್ಲೊಬ್ಬನಾದ ಕೈಲ್ ಲಾರ್ಸನ್ ತಂಡ ಎರಡೇ. ಆ ಕೆಲವು ಸೆಕೆಂಡಿನಲ್ಲಿ ಲಾರ್ಸನ್ ಐದನೇ ಜಾಗಕ್ಕೆ ಬಂದ, ಹ್ಯಾಮ್ಲಿನ್ ಹತ್ತಕ್ಕೆ ಇಳಿದ. ಉಳಿದದ್ದು ಎರಡು ಲ್ಯಾಪ್. ಲಾರ್ಸನ್ ಮೂರನೆಯವನಾಗಿ ಮುಗಿಸಿದ, ಹ್ಯಾಮ್ಲಿನ್ ಆರನೆಯವ. ರೇಸ್ ಗೆದ್ದವನು ರಯಾನ್ ಬ್ಲೇನಿ, ಅವನು ಆ ನಾಲ್ವರಲ್ಲಿ ಇರಲೇ ಇಲ್ಲ. ಅವತ್ತು ಒಂದೇ ಒಂದು ಲ್ಯಾಪ್ ಕೂಡ ಮುಂದಿರದ ಲಾರ್ಸನ್ ಚಾಂಪಿಯನ್.

ಲಾರ್ಸನ್ ಮೇಲೆ ನನಗೆ ಸಿಟ್ಟಿಲ್ಲ. ಅಂಥ ಚಾಲಕ ಈಗ ಅಮೆರಿಕದಲ್ಲಿ ಇನ್ನೊಬ್ಬನಿಲ್ಲ, 2021ರಲ್ಲೂ ಗೆದ್ದವನು. ಸಿಟ್ಟು ಆ ನಿಯಮದ ಮೇಲೆ. 2025ರಲ್ಲಿ ಹ್ಯಾಮ್ಲಿನ್ ಆರು ರೇಸ್ ಗೆದ್ದ, ಲಾರ್ಸನ್ ಮೂರು, ಅದೂ ಮೇ ತಿಂಗಳ ನಂತರ ಒಂದೂ ಇಲ್ಲ. ಬ್ಲೂ ಜೇಸ್ ಸೋತಿದ್ದು ನೋವು, ಆದರೆ ಅನ್ಯಾಯ ಅಲ್ಲ. ಏಳು ಪಂದ್ಯ ಸಿಕ್ಕಿತು, ಮೂರು ಬೇಸ್ ತುಂಬಿದ ಅವಕಾಶ ಸಿಕ್ಕಿತು, ಪ್ರತಿ ಎಸೆತಕ್ಕೂ ಉತ್ತರ ಕೊಡಲು ಬ್ಯಾಟ್ ಕೈಯಲ್ಲಿತ್ತು. ಹ್ಯಾಮ್ಲಿನ್ ಕೈಯಲ್ಲಿ ಏನಿತ್ತು? ಇನ್ಯಾರದೋ ಟೈರ್ ಹೋದದ್ದಕ್ಕೆ ಹತ್ತು ತಿಂಗಳ ದುಡಿಮೆ ಎರಡು ಲ್ಯಾಪಿಗೆ ಇಳಿಯಿತು. ವರ್ಷದ ಅಂಕಗಳಿಗೆ ಬೆಲೆ ಬರುವ ಹಾಗೆ ಆ ನಿಯಮವನ್ನು ಬದಲಿಸಲೇಬೇಕಿತ್ತು. ಇಲ್ಲಿ ತುಂಬಾ ಜನರ ಮಾತೂ ಅದೇ ಆಗಿತ್ತು.

ನೀನು ಸಮಯ ಸಿಕ್ಕಾಗ ಏಳನೇ ಪಂದ್ಯದ ಕೊನೆಯ ಮೂರು ಇನಿಂಗ್ಸ್ ನೋಡು. ಮುಖ್ಯಾಂಶ ಬೇಡ, ಪೂರ್ತಿ ನೋಡು. ರೋಹಾಸ್ ಎಸೆದ ಆ ಚೆಂಡನ್ನು ನಿಧಾನಗತಿಯಲ್ಲೂ ಒಮ್ಮೆ ನೋಡು. ಓಡಿ ಬಂದ ನಮ್ಮವನ ಕಾಲು ನಿಜವಾಗಿ ತಡವಾಯಿತಾ ಅಂತ ಬರೆ. ನನಗೆ ಇನ್ನೂ ಮನಸ್ಸು ಒಪ್ಪಿಲ್ಲ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ,
ಟೊರಾಂಟೊ ಗೆಳೆಯ